ಸೂಟ್‌ಕೇಸ್ ತೂಗುವ ಕೊಕ್ಕೆ, ನನ್ನ ಮೂರು ಡಿಸ್ಕ್

ಕಳೆದ ಅಕ್ಟೋಬರಿನ ಒಂದು ಭಾನುವಾರ ಅಮೆರಿಕದ ಷಾರ್ಲಟ್‌ನ ಕಿಲ್ಬೋರ್ನ್ ಪಾರ್ಕಿನಲ್ಲಿ ಹದಿನೆಂಟೂ ಬುಟ್ಟಿ ಮುಗಿಸುವಾಗ ನಾನು ನಮ್ಮವರಿಗಿಂತ ಮೂರು ಎಸೆತ ಮುಂದಿದ್ದೆ. ಆಟ ಡಿಸ್ಕ್ ಗಾಲ್ಫ್: ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕನ್ನು ಆದಷ್ಟು ಕಡಿಮೆ ಎಸೆತದಲ್ಲಿ ಬುಟ್ಟಿಗೆ ಹಾಕಬೇಕು. ಅವರ ಬೆನ್ನ ಮೇಲಿನ ಬ್ಯಾಗಿನಲ್ಲಿ ಹದಿನಾಲ್ಕು ಡಿಸ್ಕ್. ನನ್ನ ಕೈಯಲ್ಲಿ ಮೂರು, ಅದೂ ತಂಗಿ ಮದುವೆಯ ತಾಂಬೂಲದ ಚೀಲದಲ್ಲಿ. (ಆ ಚೀಲ ಡಿಸ್ಕಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಮನೆಯಲ್ಲಿ ಬಿದ್ದಿದ್ದರೆ ನೋಡಿ.) ಅವತ್ತಿನಿಂದ ನಮ್ಮ ಗುಂಪಿನ ನಾಲ್ಕೈದು ಜನ "ಹೇಗೆ ಆರಿಸಿದಿರಿ, ಬರೆದು ಕೊಡಿ" ಅಂತ ಕೇಳುತ್ತಿದ್ದಾರೆ. ಹಿಂದಿನ ವರ್ಷ ನನ್ನನ್ನು ನೋಡಿ ನಕ್ಕವರೂ ಇವರೇ. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಹೈಜರ್ ಅಂದರೇನು, ಫೇಡ್ ಅಂದರೇನು ಅಂತೆಲ್ಲ ಹೇಳುತ್ತಾ ಕೂರುವುದಿಲ್ಲ. ಅದು ನಮ್ಮ ಗುಂಪಿಗೆ ಗೊತ್ತು, ಹೊಸಬರಿಗೆ ಬೇಕಾದಷ್ಟನ್ನು ಬಂದಲ್ಲೇ ಹೇಳುತ್ತೇನೆ.

ಮೊದಲು ನನ್ನ ದುಡ್ಡು ಹೋದ ಕಥೆ. ಎರಡು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ ಅಂತ ನೆನಪು, ಅಂಗಡಿಗೆ ಹೋಗಿ "ದೂರ ಹೋಗುವ ಡಿಸ್ಕ್ ಕೊಡಪ್ಪ" ಅಂದೆ. ಕೌಂಟರಿನ ಹುಡುಗ ಪಾಪ, ಕೇಳಿದ್ದನ್ನೇ ಕೊಟ್ಟ: 175 ಗ್ರಾಂನ ಡಿಸ್ಟ್ರಾಯರ್, ಅದರ ಜೊತೆ ಒಂದು ಫೈರ್‌ಬರ್ಡ್. ಎರಡೂ ಒಳ್ಳೆಯ ಪ್ಲಾಸ್ಟಿಕ್ಕಿನವು, ಸುಮಾರು ನಲವತ್ತು ಡಾಲರ್ ಆಯಿತು. ನನ್ನ ಬಲಗೈ ಬ್ಯಾಕ್‌ಹ್ಯಾಂಡಿನಲ್ಲಿ ಡಿಸ್ಟ್ರಾಯರ್ ನೂರಿಪ್ಪತ್ತು, ಮುಂದೆ ಮುಂದೆ ನೂರಮೂವತ್ತು ಅಡಿ ಹೋಗಿ, ಕಟ್ಟಿದ ಹಸು ಗೂಟದ ಕಡೆ ತಿರುಗುವಂತೆ ಎಡಕ್ಕೆ ತಿರುಗಿ ಬೀಳುತ್ತಿತ್ತು. ಫೈರ್‌ಬರ್ಡ್‌ಗೆ ಅಷ್ಟು ಸಹನೆಯೂ ಇರಲಿಲ್ಲ. ಡಿಸ್ಟ್ರಾಯರ್ ಮೇಲೆ 12, 5, -1, 3 ಅಂತ ಬರೆದಿರುತ್ತದಲ್ಲ (ಕ್ರಮವಾಗಿ ಬೇಕಾದ ವೇಗ, ತೇಲುವ ಗುಣ, ಮೊದಲು ಬಲಕ್ಕೆ ಹೊರಳುವುದು, ಕೊನೆಗೆ ಎಡಕ್ಕೆ ಬೀಳುವುದು), ಆ ಹನ್ನೆರಡರ ವೇಗ ನನ್ನ ತೋಳಲ್ಲಿ ಇಲ್ಲದಿದ್ದರೆ ಮಧ್ಯದ ಎರಡು ಅಂಕಿ ಸುಮ್ಮನೆ ಅಲಂಕಾರಕ್ಕೆ. ನನ್ನ ಪಾಲಿಗೆ ಬರುವುದು ಕೊನೆಯ ಅಂಕಿ, ಆ ಮೂರು ಮಾತ್ರ.

"ಪ್ರಾಕ್ಟೀಸ್ ಮಾಡು, ಬರುತ್ತೆ" ಅಂದರು ಎಲ್ಲರೂ. ಡಿಸ್ಕ್ ಗಾಲ್ಫಿನ 2012ರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ನಮ್ಮ ಷಾರ್ಲಟ್‌ನಲ್ಲೇ, ಪಾಲ್ ಮೆಕ್‌ಬೆತ್ ಮೊದಲ ಸಲ ಗೆದ್ದದ್ದು ಇಲ್ಲೇ ಅಲ್ಲವೇ, ಹಾಗಾಗಿ ಈ ಊರಲ್ಲಿ ಎಲ್ಲರ ಬಾಯಲ್ಲೂ ವೃತ್ತಿಪರರ ಬ್ಯಾಗಿನ ಪಟ್ಟಿ. ನಾನೂ ಮೇ, ಜೂನ್ ಪೂರ್ತಿ ಎಸೆದೆ. ಜುಲೈನಲ್ಲಿ ಮೊಣಕೈ ಹಿಡಿದುಕೊಂಡಿತು. ದೋಸೆ ಹುಯ್ಯಲೂ ಕಷ್ಟ.

ಆಮೇಲೆ ದೊಡ್ಡ ತಪ್ಪು. ಆನ್‌ಲೈನ್‌ನಲ್ಲಿ ಯಾರೋ ಇಪ್ಪತ್ತು ಹಳೆ ಡಿಸ್ಕ್‌ಗಳ ಪೆಟ್ಟಿಗೆಯನ್ನು ನೂರಹತ್ತು ಡಾಲರಿಗೆ ಹಾಕಿದ್ದರು. ಒಂದಕ್ಕೆ ಐದೂವರೆ, ಅಗ್ಗ ಅನ್ನಿಸಿತು. ಪೆಟ್ಟಿಗೆ ಬಂತು. ಇಪ್ಪತ್ತರಲ್ಲಿ ಹದಿನೈದು ದೂರಕ್ಕೆ ಎಸೆಯುವ, ಅಗಲ ಅಂಚಿನ ಡ್ರೈವರ್‌ಗಳು, ಬೇರೆಯವರು ಎಸೆಯಲಾರದೆ ಬಿಟ್ಟವು ಅಂತ ಈಗ ಅರ್ಥವಾಗುತ್ತದೆ. ಮೂರರ ಹೊಟ್ಟೆಯಲ್ಲಿ, ಅಂದರೆ ಒಳಬದಿಯಲ್ಲಿ, ಬೇರೆ ಬೇರೆಯವರ ಫೋನ್ ನಂಬರ್. ಮನಸ್ಸು ತಡೆಯದೆ ಮೂರಕ್ಕೂ ಮೆಸೇಜ್ ಹಾಕಿದೆ. ಒಬ್ಬರು ಅದನ್ನು ನಾಲ್ಕು ವರ್ಷದ ಹಿಂದೆ ಕೊಳದಲ್ಲಿ ಕಳೆದುಕೊಂಡಿದ್ದರಂತೆ. ಅಂಚೆಯಲ್ಲಿ ಕಳಿಸಿಕೊಟ್ಟೆ, ಅದಕ್ಕೆ ಇನ್ನೊಂದು ಆರು ಡಾಲರ್. ಅದೂ ಇದೂ ಸೇರಿ ಆಗಸ್ಟ್ ಹೊತ್ತಿಗೆ ಒಟ್ಟು ಇನ್ನೂರ ಅರವತ್ತರ ಹತ್ತಿರ ಹೋಗಿತ್ತು. ಇದು ನಮ್ಮವರಿಗೆ ಗೊತ್ತಿರುವ ಲೆಕ್ಕ.

ನನ್ನ ತವರು ತಿಪಟೂರು. ಅಪ್ಪನದು ಕೊಬ್ಬರಿ ವ್ಯಾಪಾರ. ಉಂಡೆ ಕೊಬ್ಬರಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಲೊಟಲೊಟ ಅಂದರೆ ಸರಿಯಾಗಿ ಒಣಗಿದೆ ಅಂತ ಹೇಳುತ್ತಿದ್ದರು. ಚೀಲದ ಮೇಲೆ ಯಾರು ಏನು ಬರೆದಿದ್ದರೂ ಅವರಿಗೆ ಬೇಕಿಲ್ಲ, ಕೈಗೆ ಬಂದದ್ದೇ ಸತ್ಯ. ಆ ಬುದ್ಧಿ ನನಗೆ ಸ್ವಲ್ಪ ತಡವಾಗಿ ಬಂತು.

ಮೊಣಕೈ ನೋವಿಗೆ ಮನೆಯಲ್ಲಿ ಕೂತಿದ್ದ ದಿನಗಳಲ್ಲಿ ಡಿಸ್ಟ್ರಾಯರ್ ಹಿಡಿದು ಸುಮ್ಮನೆ ಬೆರಳು ನೋಡುತ್ತಿದ್ದೆ. ಹೆಬ್ಬೆರಳು ಮೇಲೆ, ನಾಲ್ಕು ಬೆರಳು ಕೆಳಗೆ ಮಡಿಸಿದರೆ ತುದಿಗಳು ರಿಮ್ಮಿನ ಒಳಗೋಡೆಯನ್ನು ಒತ್ತಬೇಕು ತಾನೆ? ನನ್ನವು ಬರೀ ಮುಟ್ಟುತ್ತಿದ್ದವು, ಒತ್ತುತ್ತಿರಲಿಲ್ಲ. ಕಿರುಬೆರಳು ಅದನ್ನೂ ಮಾಡುತ್ತಿರಲಿಲ್ಲ. ಡಿಸ್ಟ್ರಾಯರ್ ರಿಮ್ಮಿನ ಅಗಲ ಸುಮಾರು 2.2 ಸೆಂಟಿಮೀಟರ್. ಲೆಪರ್ಡ್‌ನದು 1.6ರ ಸುಮಾರು, ಏವಿಯರ್ ಪಟರ್‌ನದು (ಪಟರ್ ಅಂದರೆ ಬುಟ್ಟಿಯ ಹತ್ತಿರದಿಂದ ಎಸೆಯುವ ನಿಧಾನದ ಡಿಸ್ಕ್) ಒಂದಕ್ಕೂ ಕಡಿಮೆ. ನನ್ನ ಬೆರಳು ಗಿಡ್ಡ. ಬಳೆ ಅಂಗಡಿಯಲ್ಲಿ ಅದು ಅನುಕೂಲ, ಇಲ್ಲಿ ಅಲ್ಲ. ಡಿಸ್ಕಿಗೆ ತಿರುಗು ಸಿಗುವುದು ಕೊನೆಯ ಕ್ಷಣದಲ್ಲಿ ಬೆರಳಿನಿಂದ ಕಿತ್ತುಕೊಂಡು ಹೋಗುವಾಗ. ನನ್ನ ಕೈಯಿಂದ ಅದು ಅದಕ್ಕೂ ಮೊದಲೇ ಜಾರಿ ಹೋಗುತ್ತಿತ್ತು. ತೋಳಿನ ಶಕ್ತಿಯೆಲ್ಲ ಹೋಗಿ ಮೊಣಕೈ ಮೇಲೆ ಕೂರುತ್ತಿತ್ತು.

ಇದು ಊಹೆಯೋ ನಿಜವೋ ನೋಡೋಣ ಅಂತ ನಮ್ಮವರನ್ನು ಕರೆದೆ. "ನಾನು ಹಿಡ್ಕೊಂಡಿರ್ತೀನಿ, ನೀವು ಎಳೀರಿ." ಎಳೆದರು, ಬಂತು. ಏವಿಯರ್ ಕೊಟ್ಟೆ. ಎಳೆದರು, ಬರಲಿಲ್ಲ. ಇನ್ನೊಮ್ಮೆ ಎಳೆದಾಗ ನಾನೇ ಅವರ ಕಡೆ ಮುಗ್ಗರಿಸಿದೆ.

ವ್ಯತ್ಯಾಸ ಇದೆ ಅನ್ನುವುದು ಖಾತ್ರಿ ಆಯಿತು. ಎಷ್ಟು ಅಂತ ಅಳೆಯುವುದು ಹೇಗೆ? ಊರಿಗೆ ಹೋಗುವಾಗ ಸೂಟ್‌ಕೇಸ್ ಇಪ್ಪತ್ತಮೂರು ಕಿಲೋ ದಾಟದಂತೆ ನೋಡಲು ಕೊಕ್ಕೆ ತಕ್ಕಡಿ ಇರುತ್ತದಲ್ಲ, ಎಲ್ಲರ ಮನೆಯಲ್ಲೂ ಒಂದಿರುತ್ತದೆ. ಗ್ಯಾರೇಜಿನಿಂದ ಬಡಗಿಗಳ ಸ್ಪ್ರಿಂಗ್ ಕ್ಲಾಂಪ್ ಒಂದು ತಂದು ಡಿಸ್ಕಿನ ಆಚೆ ಅಂಚಿಗೆ ಕಚ್ಚಿಸಿದೆ, ಅದರ ಕಿವಿಗೆ ಕೊಕ್ಕೆ ಹಾಕಿದೆ, ತಕ್ಕಡಿಯ ಪಟ್ಟಿ ಬಾಗಿಲ ಹಿಡಿಗೆ ಕಟ್ಟಿದೆ. ಎಸೆಯುವಾಗ ಹಿಡಿಯುವಂತೆಯೇ ಡಿಸ್ಕ್ ಹಿಡಿದು ನಿಧಾನವಾಗಿ ಹಿಂದಕ್ಕೆ ವಾಲುವುದು. ಕೈ ಜಾರುವ ಹೊತ್ತಿಗೆ ಎಷ್ಟು ತೋರಿಸುತ್ತದೋ ಅದೇ ಆ ಡಿಸ್ಕಿನ ಅಂಕ. ಮೂರು ಸಲ ಎಳೆಯಬೇಕು, ಮೊದಲನೆಯದನ್ನು ಬಿಡಬೇಕು. ಮೊದಲ ಸಲ ಕೈಗೆ ಭಯ ಇರುತ್ತದೆ.

ನೆನಪಿನಿಂದ ಹೇಳುತ್ತೇನೆ. ಡಿಸ್ಟ್ರಾಯರ್ ನಾಲ್ಕು ಕಿಲೋಗೆ ಜಾರಿತು, ಕೆಲವು ಸಲ ಅದಕ್ಕೂ ಕಡಿಮೆಗೆ. ಫೈರ್‌ಬರ್ಡ್ ನಾಲ್ಕೂಮುಕ್ಕಾಲು. ಪೆಟ್ಟಿಗೆಯಲ್ಲಿದ್ದ ಹಳೆ ಲೆಪರ್ಡ್ ಆರು. ಡಿಸ್ಕ್ರಾಫ್ಟ್‌ನವರ ಬಝ್ ಆರೂಕಾಲು. ಏವಿಯರ್ ಏಳರ ಹತ್ತಿರ. ಬೆವರಿದ ಕೈಯಲ್ಲಿ ಎಲ್ಲವೂ ಒಂದೊಂದು ಕಿಲೋ ಇಳಿದವು. ಗಮನಿಸಿದ್ದೇನೆಂದರೆ, ಐದೂವರೆಗಿಂತ ಮೇಲಿದ್ದ ಡಿಸ್ಕ್‌ಗಳೆಲ್ಲ ಮೈದಾನದಲ್ಲಿ ನನ್ನ ಮಾತು ಸ್ವಲ್ಪವಾದರೂ ಕೇಳುತ್ತಿದ್ದವು, ಕೆಳಗಿದ್ದವು ಕೇಳುತ್ತಿರಲಿಲ್ಲ. ಅಲ್ಲಿಗೆ ಐದೂವರೆ ನನ್ನ ಗೆರೆ ಆಯಿತು. ನಿಮ್ಮ ಗೆರೆ ಬೇರೆ ಇರಬಹುದು.

ಮುಂದಿನ ಭಾನುವಾರ ಇದನ್ನು ಹೇಳಿದೆ. ದಾವಣಗೆರೆ ಅಣ್ಣ ಬಿದ್ದು ಬಿದ್ದು ನಕ್ಕರು. "ಏನವ್ವ ತಂಗಿ, ಡಿಸ್ಕನ್ನೂ ಮಂಡಿಯಾಗೆ ಇಟ್ಟು ಹರಾಜು ಹಾಕ್ತೀಯೇನು?" ಮಂಗಳೂರಿನವರು ಮಾತ್ರ ಗಂಭೀರವಾಗಿ, "ಹಿಡಿತ ಅಲ್ಲ ಮಾರಾಯ್ರೆ, ಸೊಂಟ ತಿರುಗಬೇಕು" ಅಂದರು. ಸೊಂಟದ ಮಾತು ಸರಿ. ಆದರೆ ಸೊಂಟ ತಿರುಗಿಸುವುದನ್ನು ಕಲಿಯಲೂ ಕೈಯಲ್ಲಿ ನಿಲ್ಲುವ ಡಿಸ್ಕ್ ಬೇಕು. ನಿಲ್ಲದ ಡಿಸ್ಕ್ ಕೊಟ್ಟರೆ ದೇಹ ಏನೇನೋ ಕಳ್ಳದಾರಿ ಹುಡುಕುತ್ತದೆ. ನನಗೆ ಸಿಕ್ಕ ಕಳ್ಳದಾರಿ ಮೊಣಕೈ.

ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ಬರೀ ಏವಿಯರ್. ಟೀಯಿಂದಲೂ (ಮೊದಲ ಎಸೆತದ ಜಾಗ) ಅದೇ, ಬುಟ್ಟಿಗೂ ಅದೇ. ಎಲ್ಲರೂ ಡ್ರೈವರ್ ಎಳೆಯುವಾಗ ನಾನೊಬ್ಬಳು ಪಟರ್ ಹಿಡಿದು ನಿಂತರೆ, ಕಾರಿನ ರೇಸಿಗೆ ಲೂನಾ ತಂದವಳನ್ನು ನೋಡಿದ ಹಾಗೆ ನೋಡುತ್ತಿದ್ದರು. ಆದರೆ ನಾಲ್ಕನೇ ವಾರಕ್ಕೆ ಅದೇ ಪಟರ್ ನೂರಐವತ್ತು ಅಡಿ, ನವೆಂಬರ್‌ನಲ್ಲಿ ನೂರಎಂಬತ್ತು. ನನ್ನ ಡಿಸ್ಟ್ರಾಯರ್ ಯಾವತ್ತೂ ಅಷ್ಟು ದೂರ ಹೋಗಿರಲಿಲ್ಲ. ಹೆಜ್ಜೆ ಹಾಕಿ ಅಳೆದ ಲೆಕ್ಕ, ಐದತ್ತು ಅಡಿ ಆಚೆ ಈಚೆ ಇರಬಹುದು. ಮೊಣಕೈ ನೋವು ಯಾವಾಗ ಹೋಯಿತೋ ಗೊತ್ತೇ ಆಗಲಿಲ್ಲ.

ಅದಾದ ಮೇಲೆ ಲೆಪರ್ಡ್. ಅಂಕಿ 6, 5, -2, 1. ಇದರಲ್ಲಿ ನಾನು ನೋಡುವುದು ಆ ಮೈನಸ್ ಎರಡನ್ನು. ನನ್ನಂಥ ನಿಧಾನದ ತೋಳಿಗೆ ಬಲಕ್ಕೆ ಸ್ವಲ್ಪ ಹೊರಳುವ ಗುಣ ಇದ್ದರೇನೇ ಎಡಕ್ಕೆ ಬೀಳುವುದು ತಡವಾಗುತ್ತದೆ, ಅಷ್ಟು ಹೊತ್ತು ಡಿಸ್ಕ್ ಮುಂದೆ ಹೋಗುತ್ತಿರುತ್ತದೆ. ಎರಡನೆಯದು ತೂಕ. ಪೆಟ್ಟಿಗೆಯಲ್ಲಿ ಬಂದ ಲೆಪರ್ಡ್ 172 ಗ್ರಾಂ ಇತ್ತು. ಹಳೆ ಸಾಮಾನಿನ ಅಂಗಡಿಯಲ್ಲಿ 150ರದು ಆರು ಡಾಲರಿಗೆ ಸಿಕ್ಕಿತು, ಡಿಎಕ್ಸ್ ಅನ್ನುವ ಅಗ್ಗದ, ಬೇಗ ಸವೆಯುವ ಪ್ಲಾಸ್ಟಿಕ್, ಅಂಚೆಲ್ಲ ಮರಕ್ಕೆ ಬಡಿದು ಇಲಿ ಕಡಿದಂತೆ. ಹೊಸಬರಿಗೆ ಹೊಸ ಡಿಸ್ಕಿಗಿಂತ ಇಂಥದೇ ವಾಸಿ. ಡಿಎಕ್ಸ್ ಸವೆದಷ್ಟೂ ಬಲಕ್ಕೆ ಹೊರಳುತ್ತದೆ, ಆ ಸವೆತವನ್ನು ಬೇರೆ ಯಾರೋ ನಿಮಗಾಗಿ ಮಾಡಿಟ್ಟಿರುತ್ತಾರೆ. ಮೊದಲ ದಿನವೇ ಇನ್ನೂರ ಹತ್ತು ಅಡಿ. ಈಗ ಇನ್ನೂರೈವತ್ತು. ನಾನು ಐವತ್ತು ದಾಟುವುದಕ್ಕೆ ಇನ್ನು ಎರಡೇ ವರ್ಷ ಇರುವವಳು ಅನ್ನುವುದನ್ನು ಇಲ್ಲಿ ಸೇರಿಸಿಕೊಂಡು ಓದಬೇಕು.

ತೂಕದ ವಿಷಯಕ್ಕೆ ಬಂದೆನಲ್ಲ. ಹೊಟ್ಟೆಯಲ್ಲಿ ಬರೆದ ತೂಕವನ್ನು ನಂಬಬೇಡಿ. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿ. ನನ್ನ 150 ನಿಜವಾಗಿ 153. ಒಂದು 175 ಇತ್ತು, ಅದು 172 ತೂಗಿತು. ನಿಯಮದ ಪ್ರಕಾರ ವ್ಯಾಸದ ಸೆಂಟಿಮೀಟರಿಗೆ 8.3 ಗ್ರಾಂ ಮೀರುವ ಹಾಗಿಲ್ಲ. 21.2 ಸೆಂಟಿಮೀಟರ್ ಡಿಸ್ಕಿಗೆ 176 ಬರುತ್ತದೆ, ಅಂಗಡಿಯ ಗೂಡುಗಳಲ್ಲಿ ಎಲ್ಲ 173, 175 ಅಂತ ತುಂಬಿರುವುದು ಅದಕ್ಕೇ. ಭಾರವಾದದ್ದೇ ಉತ್ತಮ ಅನ್ನುವ ನಂಬಿಕೆ ಇಲ್ಲಿ ಗಟ್ಟಿ. ಹಗುರದ್ದು ಬೇಕು ಅಂದರೆ ಮಕ್ಕಳಿಗಾ ಅಂತ ಕೇಳುತ್ತಾರೆ. ಹೌದು ಅಂದುಬಿಡಿ.

ಹಗುರದ ತೊಂದರೆಯನ್ನೂ ಹೇಳಬೇಕು. ಮಾರ್ಚಿನಲ್ಲಿ ಎದುರು ಗಾಳಿ ಇದ್ದ ದಿನ 150ರ ಲೆಪರ್ಡ್ ಎಸೆದೆ. ಆಷಾಢದಲ್ಲಿ ನಮ್ಮೂರಲ್ಲಿ ಗಾಳಿಪಟ ಏರುವಂತೆ ಎದ್ದು, ಬಲಕ್ಕೆ ಮಗುಚಿ, ನನ್ನ ಹಿಂದಿನ ಟೀ ಕಡೆ ಹೊರಟಿತು. ಎಲ್ಲರೂ ಬಾಗಿದರು. ಅಂಥ ದಿನಕ್ಕೆ ಬಝ್ ಇದೆ, 5, 4, -1, 1, ನನ್ನದು 170ರ ಸುಮಾರು, ಹದಿನೇಳು ಡಾಲರ್. ಮೂರರಲ್ಲಿ ಹೊಸದಾಗಿ ಪೂರ್ತಿ ಬೆಲೆ ಕೊಟ್ಟದ್ದು ಇದಕ್ಕೆ ಮತ್ತು ಹನ್ನೊಂದು ಡಾಲರಿನ ಏವಿಯರ್‌ಗೆ. ಅಂದರೆ ಈಗ ಆಡುತ್ತಿರುವುದು ಮೂವತ್ತನಾಲ್ಕು ಡಾಲರಿನ ಸಾಮಾನಿನಲ್ಲಿ. ಮಿಕ್ಕ ದುಡ್ಡು ಗ್ಯಾರೇಜಿನ ಪೆಟ್ಟಿಗೆಯಲ್ಲಿ ಮಲಗಿದೆ.

ಬಣ್ಣದ ಬಗ್ಗೆ ಯಾರೂ ಹೇಳುವುದಿಲ್ಲ, ಆದರೆ ನನ್ನ ಅರ್ಧ ನಷ್ಟ ಅದರಿಂದಲೇ. ಇಲ್ಲಿನ ಕಾಡಿನಲ್ಲಿ ನೆಲದ ತುಂಬ ಪೈನ್ ಮರದ ಕಂದು ಕಡ್ಡಿ, ಅದರ ಕೆಳಗೆ ನಮ್ಮ ಕಡೆಯಂಥದೇ ಕೆಮ್ಮಣ್ಣು. ಹಸಿರು ಡಿಸ್ಕ್ ಬೇಡವೆಂದು ಎಲ್ಲರಿಗೂ ಗೊತ್ತು. ಕೆಂಪು ಚೆನ್ನಾಗಿ ಕಾಣುತ್ತದೆ ಅಂದುಕೊಂಡು ತಗೊಂಡೆ. ರೀಡಿ ಕ್ರೀಕ್ ಕಾಡಿನಲ್ಲಿ ಎಲೆ ಉದುರುವ ಕಾಲಕ್ಕೆ ಕೆಂಪು, ಕಿತ್ತಳೆ, ಹಳದಿ ಮೂರೂ ಮಾಯ. ನಲವತ್ತು ನಿಮಿಷ ಹುಡುಕಿ, ಪಾಯ್ಸನ್ ಐವಿ ತಾಗಿಸಿಕೊಂಡು ಎರಡು ವಾರ ಕೆರೆದುಕೊಂಡೆ. ಈಗ ತಿಳಿ ನೀಲಿ. ಎಲೆಗಳಲ್ಲಿ ಆ ಬಣ್ಣ ಇಲ್ಲ, ಮಣ್ಣಿನಲ್ಲೂ ಇಲ್ಲ.

ಇನ್ನೊಂದು ಹುಚ್ಚು ಪ್ರಯೋಗ. ಪೆಟ್ಟಿಗೆಯಲ್ಲಿದ್ದ ಒಂದು ಡಿಎಕ್ಸ್ ಡ್ರೈವರ್ ಸೊಟ್ಟಗಾಗಿತ್ತು. ಬಿಸಿನೀರಲ್ಲಿ ಅದ್ದಿ ಸಮ ನೆಲದ ಮೇಲೆ ಒತ್ತಿಟ್ಟರೆ ನೆಟ್ಟಗಾಗುತ್ತದೆ, ಅದು ನೀವೂ ಮಾಡಿರುತ್ತೀರಿ. ನಾನು ಇನ್ನೂ ಒಂದು ಹೆಜ್ಜೆ ಹೋಗಿ ಇಡ್ಲಿ ಪಾತ್ರೆಯಲ್ಲಿ ಆವಿಗೆ ಇಟ್ಟೆ, ನೀರಿಗಿಂತ ಹದವಾಗಿ ಬೇಯಬಹುದು ಅಂತ. ಫೋನ್ ಬಂತು, ಅಮ್ಮ. ಅಮ್ಮನ ಫೋನು ಎಂದಾದರೂ ಐದು ನಿಮಿಷಕ್ಕೆ ಮುಗಿಯುತ್ತದೆಯೇ? ಬಂದು ಮುಚ್ಚಳ ತೆಗೆದರೆ ಡಿಸ್ಕ್ ಹಪ್ಪಳ. ಅಂಚು ಒಂದು ಕಡೆ ಇಳಿದು ತಟ್ಟೆಗೆ ಅಂಟಿತ್ತು. ಆಮೇಲೆ ಎರಡು ಸಲ ಇಡ್ಲಿ ಮಾಡಿದರೂ ಪ್ಲಾಸ್ಟಿಕ್ ವಾಸನೆ ಹೋಗಲಿಲ್ಲ, ಪಾತ್ರೆಯನ್ನೇ ಬದಲಿಸಬೇಕಾಯಿತು, ನಲವತ್ತೈದು ಡಾಲರ್. ಇದು ನಮ್ಮವರಿಗೆ ಗೊತ್ತಿಲ್ಲದ ಲೆಕ್ಕ.

ಹೊಸ ಏವಿಯರ್ ಗಾಜಿನಂತೆ ನುಣುಪಾಗಿರುತ್ತದೆ. ಅದನ್ನು ಒಂದು ವಾರದಲ್ಲಿ ನನ್ನ ಕೈಗೆ ಒಗ್ಗಿಸುವುದಕ್ಕೆ ಒಂದು ಉಪಾಯ ಇದೆ. ಅಡುಗೆಮನೆಯ ಪದಾರ್ಥವೇ, ತುಟ್ಟಿಯದೇನಲ್ಲ, ಅಂಕ ಏಳರಿಂದ ಏಳೂಮುಕ್ಕಾಲಿಗೆ ಏರುತ್ತದೆ. ದಾವಣಗೆರೆ ಅಣ್ಣ ಮೂರು ಸಲ ಕೇಳಿದರು. ಹರಾಜಿನ ಮಾತು ಅವರು ಮರೆತಿರಬಹುದು, ನಾನು ಮರೆತಿಲ್ಲ. ಅದನ್ನು ಇಲ್ಲೂ ಬರೆಯುವುದಿಲ್ಲ.

ಹಿಡಿತ ಒಂದೇ ಸಾಲದು ಅನ್ನುವುದಕ್ಕೆ ನಮ್ಮವರೇ ಸಾಕ್ಷಿ. ಅವರ ಕೈ ದೊಡ್ಡದು, ಡಿಸ್ಟ್ರಾಯರ್ ಅವರ ಕೈಯಲ್ಲಿ ಎಂಟು ಕಿಲೋದವರೆಗೂ ಅಲ್ಲಾಡುವುದಿಲ್ಲ. "ನೋಡು, ನಾನು ಪಾಸು" ಅಂದರು. ಆದರೆ ಪಟರನ್ನು ನೂರಅರವತ್ತು ಅಡಿಗಿಂತ ಮುಂದೆ ಎಸೆಯಲು ಅವರಿಗೆ ಆಗುತ್ತಿರಲಿಲ್ಲ. ಹಾಗಾಗಿ ನನ್ನ ಎರಡನೇ ಪರೀಕ್ಷೆ: ಪಟರ್ ಮಟ್ಟಸವಾಗಿ ಇನ್ನೂರರ ಹತ್ತಿರ ಹೋಗುವ ತನಕ ವೇಗದ ಅಂಕಿ ಏಳರ ಮೇಲಿನದನ್ನು ಕೊಳ್ಳಬಾರದು. ನಾನು ನವೆಂಬರ್‌ನಲ್ಲಿ ನೂರಎಂಬತ್ತಕ್ಕೇ ತೃಪ್ತಳಾಗಿ ಆರರ ಲೆಪರ್ಡ್‌ಗೆ ಹೋದೆ, ಏಳನ್ನೂ ಮುಟ್ಟಲಿಲ್ಲ. ಅವರು ಅಕ್ಟೋಬರಿನ ಸೋಲಿನ ಮಾರನೆಯ ವಾರ ಸುಮ್ಮನೆ ಒಂದು ಲೆಪರ್ಡ್ ತಂದರು. ಮಾತಾಡಲಿಲ್ಲ, ನಾನೂ ಕೆದಕಲಿಲ್ಲ. ಈಗ ಮತ್ತೆ ಅವರೇ ಗೆಲ್ಲುತ್ತಿದ್ದಾರೆ, ಹೆಚ್ಚುಕಡಿಮೆ ಮೂರಕ್ಕೆ ಎರಡು ಸಲ.

ಕಳೆದ ಡಿಸೆಂಬರ್‌ನಲ್ಲಿ ಊರಿಗೆ ಹೋಗುವಾಗ ತಮ್ಮನ ಮಕ್ಕಳಿಗೆ ಅಂತ ಏಳು ಹಗುರದ ಡಿಸ್ಕ್ ಒಯ್ದಿದ್ದೆ, ನನ್ನ ಲೆಪರ್ಡ್ ಬೇರೆ. ತಿಪಟೂರಿನಲ್ಲಿ ಬೆಳಿಗ್ಗೆ ಮೈದಾನಕ್ಕೆ ಹೋಗಿ, ಬಟ್ಟೆ ಬುಟ್ಟಿಯನ್ನು ಕುರ್ಚಿ ಮೇಲಿಟ್ಟು ಆಡಿದೆವು. ಮಕ್ಕಳಿಗೆ ಲಗೋರಿ ಆಡಿದ ಕೈ ಇದೆ, ಹಾಗಾಗಿ ಫೋರ್‌ಹ್ಯಾಂಡ್ ಹೇಳಿಕೊಡುವುದೇ ಬೇಕಾಗಲಿಲ್ಲ. ವಿಚಿತ್ರವೆಂದರೆ ನನ್ನ ಲೆಪರ್ಡ್ ಅಲ್ಲಿ ಬಲಕ್ಕೆ ಅಷ್ಟು ಹೊರಳಲಿಲ್ಲ, ಬೇಗ ಎಡಕ್ಕೆ ಬಂತು. ತಿಪಟೂರು ಸಮುದ್ರಮಟ್ಟದಿಂದ ಎಂಟುನೂರೈವತ್ತು ಮೀಟರ್ ಮೇಲಿದೆ, ಷಾರ್ಲಟ್ ಇನ್ನೂರಮೂವತ್ತರ ಸುಮಾರು. ಗಾಳಿ ತೆಳುವಾದಷ್ಟೂ ಡಿಸ್ಕ್ ಹೊರಳುವುದು ಕಡಿಮೆ, ಅದಕ್ಕೇ ಹೀಗೆ ಅಂದೆ. ನಮ್ಮವರು "ಜೆಟ್‌ಲ್ಯಾಗ್" ಅಂದರು. ಅಪ್ಪ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಡಿಸ್ಕ್ ಒಂದನ್ನು ಕೈಗೆ ತಗೊಂಡು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ವಾಪಸ್ ಕೊಟ್ಟರು.

ಆ ಪ್ರಯಾಣದಲ್ಲೇ ಒಂದು ಎಡವಟ್ಟು ಬಯಲಾಯಿತು. ಹೊರಡುವ ದಿನ ಅದೇ ಕೊಕ್ಕೆ ತಕ್ಕಡಿಯಲ್ಲಿ ಸೂಟ್‌ಕೇಸ್ ತೂಗಿದೆ, ಇಪ್ಪತ್ತೆರಡೂವರೆ ಅಂತ ತೋರಿಸಿತು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಇಟ್ಟರೆ ಇಪ್ಪತ್ತಮೂರೂವರೆ. ಒಂದು ವರ್ಷ ಬಾಗಿಲ ಹಿಡಿಗೆ ಕಟ್ಟಿ ಜಗ್ಗಿದ್ದಕ್ಕೆ ಒಳಗೆ ಏನೋ ಕೆಟ್ಟಿದೆ. ಎಲ್ಲರ ಎದುರು ಸೂಟ್‌ಕೇಸ್ ಬಿಚ್ಚಿ ನಾಲ್ಕು ಡಿಸ್ಕ್ ತೆಗೆದು ಕೈಚೀಲಕ್ಕೆ ತುರುಕಿದೆ. ನಮ್ಮವರು ಪಕ್ಕದ ಸಾಲಿಗೆ ಹೋಗಿ ಬೇರೆಯವರ ಹಾಗೆ ನಿಂತಿದ್ದರು. ಹಾಗಾಗಿ ಮೇಲೆ ನಾನು ಕೊಟ್ಟ ಕಿಲೋ ಲೆಕ್ಕಗಳಲ್ಲಿ ಕಾಲೋ ಅರೆಯೋ ಹೆಚ್ಚುಕಡಿಮೆ ಇದ್ದೀತು, ತಕ್ಕಡಿ ಯಾವ ತಿಂಗಳಿಂದ ಹಾದಿ ತಪ್ಪಿತೋ ನನಗೂ ತಿಳಿಯದು. ಹೊಸ ತಕ್ಕಡಿ ತಂದು ಮತ್ತೆ ಎಲ್ಲವನ್ನೂ ಎಳೆದು ನೋಡಿದ್ದೇನೆ. ಅಂಕಿ ಸ್ವಲ್ಪ ಸ್ವಲ್ಪ ಬದಲಾಯಿತು, ಡಿಸ್ಕ್‌ಗಳ ಸರದಿ ಬದಲಾಗಲಿಲ್ಲ. ಡಿಸ್ಟ್ರಾಯರ್ ಈಗಲೂ ಕೊನೆಯಲ್ಲೇ ಇದೆ.